ಇಳಿದ ಲೆಕ್ಕದಲ್ಲೇ ಘಾಟಿ ಹತ್ತಲು ಹೋದವನ ಉತ್ತರ

ತಿಂಗಳಿಗೊಮ್ಮೆ ಬೆಂಗಳೂರು–ಮಂಗಳೂರು ಓಡಾಟಕ್ಕೆ 30 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿಯ ಎಲೆಕ್ಟ್ರಿಕ್ ಕಾರು ಸಾಕೇ, ಸಾಲ ಮಾಡಿಯಾದರೂ ದೊಡ್ಡ ಬ್ಯಾಟರಿಯದನ್ನು ಕೊಳ್ಳಬೇಕೇ ಎಂದು ಕೇಳಿದ್ದೀರಿ. ನಾನು ಚಿಕ್ಕದನ್ನೇ ಕೊಂಡವನು. ಕಾರು ಕೈಕೊಡಲಿಲ್ಲ, ನನ್ನ ಲೆಕ್ಕ ಕೈಕೊಟ್ಟಿತು.

ಮೊದಲ ಸಲ ಹೋಗುವಾಗ ಹಾಸನದಲ್ಲಿ ನಮಗೆ ತಿಂಡಿ, ಕಾರಿಗೆ ಚಾರ್ಜು. ಶಿರಾಡಿ ಘಾಟಿ ಇಳಿಯುವಾಗ ಮೋಟಾರೇ ವಿದ್ಯುತ್ ತಯಾರಿಸಿ ಬ್ಯಾಟರಿ ಶೇಕಡಾ 2ರಷ್ಟು ಏರಿತು! ಬೀಗಿದೆ.

ಮರಳುವಾಗ, ಘಾಟಿಗೆ ಮುಂಚೆ ಹೋಟೆಲೊಂದರ ಅಂಗಳದಲ್ಲಿ ಚಾರ್ಜರ್ ಖಾಲಿ ನಿಂತಿತ್ತು. ನಮ್ಮಲ್ಲಿ ಶೇಕಡಾ 44 ಉಳಿದಿತ್ತು. “ಇಲ್ಲೇ ಹಾಕಿಬಿಡಬಾರದೇನೋ?” ಎಂದರು ಅಮ್ಮ. “ಸಕಲೇಶಪುರ ಇನ್ನು 50 ಕಿಲೋಮೀಟರ್ ಅಷ್ಟೇ ಅಮ್ಮ” ಎಂದೆ.

ತಪ್ಪಿದ್ದು ಇಲ್ಲೇ. ಕಿಲೋಮೀಟರ್ ಎಣಿಸಿದೆ, ಎತ್ತರ ಎಣಿಸಲಿಲ್ಲ. ಘಾಟಿಯ ಬುಡದ ಗುಂಡ್ಯದಿಂದ ಮೇಲಿನ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಏರು. ನಾಲ್ಕು ಜನ, ಎರಡು ಹಲಸಿನಹಣ್ಣು ಸೇರಿ 1,700 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತುವುದಕ್ಕೇ ಹತ್ತಿರ ಹತ್ತಿರ ನಾಲ್ಕು ಯೂನಿಟ್ ಬೇಕು. ಮೋಟಾರಿನ ನಷ್ಟ ಬೇರೆ. ದಾರಿ ಸವೆಸುವ ಖರ್ಚು ಇದರಲ್ಲಿ ಸೇರಿಲ್ಲ, ಅದು ಇದರ ಮೇಲೆ. ಇಳಿಯುವಾಗ ಘಾಟಿ ಕೊಟ್ಟಿದ್ದು ಸಾಲ. ಹತ್ತುವಾಗ ಬಡ್ಡಿ ಸಮೇತ ವಸೂಲಿ ಮಾಡಿತು.

ಸಕಲೇಶಪುರ ಮುಟ್ಟಿದಾಗ ಶೇಕಡಾ 6. ನಾನು ನಂಬಿಕೊಂಡು ಬಂದಿದ್ದ ಚಾರ್ಜರಿನ ಪರದೆ ಕಪ್ಪಾಗಿತ್ತು. ಹಾಸನ ಇನ್ನೂ 40 ಕಿಲೋಮೀಟರ್. ಲಾಡ್ಜೊಂದರ ಮಾಲೀಕರು ಪಂಪಿನ 15 ಆಂಪಿಯರ್ ಪ್ಲಗ್ ಬಿಟ್ಟುಕೊಟ್ಟರು. ಗಂಟೆಗೆ ಮೂರು ಯೂನಿಟ್‌ನಂತೆ ನಾಲ್ಕು ಗಂಟೆ ಕುಳಿತೆವು. ಅಮ್ಮ ಕಾಳುಮೆಣಸು ಕೊಂಡರು, ಮೂರು ಸಲ ಕಾಫಿ ಕುಡಿದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾಗಿ ಬ್ಯಾಟರಿಯ ಗಾತ್ರ ಕೇಳುವುದೇ ತಪ್ಪು ಎಂಬುದು ನನ್ನ ವಾದ. ತಿಂಗಳಿಗೊಂದು ಪ್ರಯಾಣಕ್ಕಾಗಿ ಉಳಿದ ದಿನವೆಲ್ಲ ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ದೊಡ್ಡ ಬ್ಯಾಟರಿಯ ಭಾರ ಹೊತ್ತು ತಿರುಗುವುದೇಕೆ? ನಿಮ್ಮ ಪಾರ್ಕಿಂಗ್‌ನಲ್ಲಿ ಸ್ವಂತ ಪ್ಲಗ್ ಹಾಕಿಸಲು ಅಪಾರ್ಟ್‌ಮೆಂಟ್ ಸಂಘ ಒಪ್ಪುತ್ತದೆಯೇ ಎಂದು ಮೊದಲು ವಿಚಾರಿಸಿ. ಒಪ್ಪದಿದ್ದರೆ ಪೆಟ್ರೋಲ್ ಕಾರೇ ವಾಸಿ. ಒಪ್ಪಿದರೆ ಚಿಕ್ಕದನ್ನೇ ಕೊಳ್ಳಿ. ದಾರಿಯಲ್ಲಿ ಒಂದು ಚಾರ್ಜರ್ ಕೆಟ್ಟಿದ್ದರೂ ಮುಂದಿನದಕ್ಕೆ ಹೋಗುವಷ್ಟು ಸದಾ ಉಳಿಸಿಕೊಳ್ಳಿ. ಶೇಕಡಾ 80 ದಾಟಿದ ಮೇಲೆ ತುಂಬುವ ವೇಗ ಕುಸಿಯುತ್ತದೆ. ಅಷ್ಟಾದ ಕೂಡಲೇ ಚಾರ್ಜರಿನ ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಕಿತ್ತು ಹೊರಡಿ.

ಘಾಟಿಗೆ ಮುಂಚಿನ ಆ ಹೋಟೆಲಿನಲ್ಲಿ ಈಗ ಪ್ರತಿ ಸಲ ನಿಲ್ಲುತ್ತೇವೆ. ನೀರುದೋಸೆ ತಿಂದು ಕೈ ತೊಳೆಯುವಷ್ಟರಲ್ಲಿ ಘಾಟಿಗೆ ಬೇಕಾದಷ್ಟು ತುಂಬಿರುತ್ತದೆ.