ಹಾಸನದಲ್ಲಿ ಎನ್‌ಜಿಒ ಕೆಲಸಕ್ಕೆ ಸೇರಿದೀನಿ, ಎರಡು ದಿನದ ಎಚ್‌ಐವಿ ಟ್ರೈನಿಂಗ್‌ಗೆ ಹೋಗು ಅಂದಿದಾರೆ. ನಾನು ಓದಿರೋದು ಎಂಎಸ್‌ಡಬ್ಲ್ಯೂ, ಅಂದ್ರೆ ಸೋಷಿಯಲ್ ವರ್ಕು, ನರ್ಸ್ ಅಲ್ಲ. ಇದು ನನಗ್ಯಾಕೆ, ಅಲ್ಲಿ ಏನು ಹೇಳ್ಕೊಡ್ತಾರೆ?

ಹೋಗಿ. ಎರಡೂ ದಿನ ಪೂರ್ತಿ ಕೂತ್ಕೊಳ್ಳಿ, ಮಧ್ಯಾಹ್ನ ಊಟ ಆದ್ಮೇಲೆ ಸೈನ್ ಹಾಕಿ ಜಾರ್ಕೊಳ್ಳೋರ ಜೊತೆ ಸೇರ್ಬೇಡಿ. ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಲಿ ಐಸಿಟಿಸಿ ಕೌನ್ಸೆಲರ್ ಆಗಿದ್ದೆ, ಅಂದ್ರೆ ಎಚ್‌ಐವಿ ಟೆಸ್ಟ್ ಮಾಡೋ ಮುಂಚೆ ಆಮೇಲೆ ಕೂರಿಸಿ ಮಾತಾಡ್ಸೋ ರೂಮು ಇರತ್ತಲ್ಲ ಅಲ್ಲಿ. ಈಗ ಹಾಸನದ ಕಡೆ ಇಂಥ ಟ್ರೈನಿಂಗ್‌ಗಳಲ್ಲಿ ಮಾತಾಡೋಕೆ ಕರೀತಾರೆ. ಹಂಗಾಗಿ ಕೇಳೋ ಕಡೆನೂ ಕೂತಿದೀನಿ, ಹೇಳೋ ಕಡೆನೂ ನಿಂತಿದೀನಿ.

ಮೊದಲ್ನೇ ಸೆಷನ್ ಯಾವಾಗ್ಲೂ ಡಾಕ್ಟ್ರದ್ದು. ವೈರಸ್ ಚಿತ್ರ, ಸಿಡಿ4, ವೈರಲ್ ಲೋಡ್, ವಿಂಡೋ ಪೀರಿಯಡ್, ಪಿಪಿಟಿ ಓಡ್ತಾ ಇರತ್ತೆ. ಅದ್ರಲ್ಲಿ ನಿಮಗೆ ಬೇಕಾಗಿರೋದು ಸ್ವಲ್ಪಾನೇ. ಹರಡೋದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ, ಸೋಂಕಿರೋ ರಕ್ತದಿಂದ, ಒಬ್ಬರು ಚುಚ್ಕೊಂಡ ಸೂಜಿ ಇನ್ನೊಬ್ಬರು ಚುಚ್ಕೊಳ್ಳೋದ್ರಿಂದ, ತಾಯಿಯಿಂದ ಮಗುವಿಗೆ, ಅಷ್ಟೇ. ಸೊಳ್ಳೆ ಪ್ರಶ್ನೆ ಪ್ರತಿ ಬ್ಯಾಚಲ್ಲೂ ಬರತ್ತೆ, ಎಲ್ರೂ ನಗ್ತಾರೆ, ನೀವು ನಗ್ಬೇಡಿ, ಯಾಕಂದ್ರೆ ನಾಳೆ ಹಳ್ಳಿಲಿ ನಿಮ್ಮನ್ನೂ ಮೊದಲು ಕೇಳೋದು ಅದನ್ನೇ. ಸೊಳ್ಳೆ ಹೊಟ್ಟೆಲಿ ಈ ವೈರಸ್ ಬೆಳೆಯಲ್ಲ, ರಕ್ತದ ಜೊತೆ ಜೀರ್ಣ ಆಗೋಗತ್ತೆ, ಮತ್ತೆ ಸೊಳ್ಳೆ ಕಚ್ಚುವಾಗ ನಮ್ಮೊಳಗೆ ಬಿಡೋದು ಅದರ ಜೊಲ್ಲು, ಹಿಂದಿನೋರ ರಕ್ತ ಅಲ್ಲ. ಇಷ್ಟು ಹೇಳೋಕೆ ಬಂದ್ರೆ ಸಾಕು.

ಇನ್ನೊಂದು, ಚಿಕಿತ್ಸೆ ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ. ನಮ್ಮ ಜನದ ತಲೇಲಿ ಇನ್ನೂ ತೊಂಬತ್ತರ ದಶಕದ ಏಡ್ಸ್ ಪೋಸ್ಟರ್ರೇ ಇದೆ, ಮೂಳೆ ಚಕ್ಕಳದ ಮನುಷ್ಯ, ತಲೆಬುರುಡೆ. ಸರ್ಕಾರಿ ಆಸ್ಪತ್ರೇಲಿ ಎಆರ್‌ಟಿ, ಅಂದ್ರೆ ವೈರಸ್ ಬೆಳೆಯದಂಗೆ ತಡೆಯೋ ಮಾತ್ರೆ, ಫ್ರೀಯಾಗಿ ಕೊಡೋಕೆ ಶುರು ಮಾಡಿದ್ದು 2004ರಲ್ಲಿ, 2017ರಿಂದ ಸಿಡಿ4, ಅಂದ್ರೆ ರೋಗ ತಡೆಯೋ ರಕ್ತಕಣದ ಲೆಕ್ಕ, ಎಷ್ಟೇ ಇರ್ಲಿ, ಸೋಂಕು ಖಚಿತ ಆದ ಎಲ್ರಿಗೂ ಶುರು ಮಾಡ್ತಾರೆ. ಈಗ ಹೆಚ್ಚಿನೋರಿಗೆ ದಿನಕ್ಕೆ ಒಂದೇ ಮಾತ್ರೆ, ಟಿಎಲ್‌ಡಿ ಅಂತಾರೆ, ಟೆನೊಫೊವಿರ್ ಲ್ಯಾಮಿವುಡಿನ್ ಡೊಲುಟೆಗ್ರಾವಿರ್ ಮೂರೂ ಅದ್ರಲ್ಲೇ ಇರತ್ತೆ. ತಪ್ಪದೇ ನುಂಗಿದ್ರೆ ವೈರಸ್ ಟೆಸ್ಟಲ್ಲಿ ಕಾಣ್ಸದಷ್ಟು ಕಮ್ಮಿ ಆಗತ್ತೆ, ಹಂಗೇ ಕಾಣ್ಸದೇ ಉಳಿದ್ರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಹರಡಲ್ಲ. ಈ ಕೊನೇ ಮಾತನ್ನ ಆರೋಗ್ಯ ಇಲಾಖೆಲೇ ಎಷ್ಟೋ ಜನ ನಂಬಲ್ಲ, ಅದು ಬೇರೆ ಕಥೆ.

ಈಗ ನಿಮ್ಮ ಪ್ರಶ್ನೆಗೆ, ನರ್ಸ್ ಅಲ್ದೇ ಇರೋರಿಗೆ ಯಾಕೆ ಅಂತ. ನನ್ನ ಕೇಳಿದ್ರೆ ನರ್ಸಿಗಿಂತ ನಿಮ್ಮಂಥೋರಿಗೇ ಜಾಸ್ತಿ ಬೇಕು. ನಮ್ಮ ಕಡೆ ಜನ ಮಾತ್ರೆ ಬಿಡೋದಕ್ಕೆ ದೊಡ್ಡ ಕಾರಣ ಮಾತ್ರೆ ಸಿಗಲ್ಲ ಅನ್ನೋದಲ್ಲ, ಗೊತ್ತಿರೋರ ಕಣ್ಣಿಗೆ ಬೀಳ್ತೀವಿ ಅನ್ನೋ ಭಯ. ಹಾಸನ, ಚಿಕ್ಕಮಗಳೂರು ಏನು ಬೆಂಗಳೂರಾ, ಆಸ್ಪತ್ರೆ ಕ್ಯೂನಲ್ಲಿ ನಿಂತ್ರೆ ಮುಂದಿರೋರು ಒಬ್ರು ನೆಂಟರ ಕಡೆಯವ್ರು, ಹಿಂದಿರೋರು ಒಬ್ರು ಪಕ್ಕದ ಊರಿನೋರು. ಮೂಡಿಗೆರೆ ಕಡೆಯೋರು ಹತ್ರ ಇರೋದು ಬಿಟ್ಟು ಬಸ್ ಚಾರ್ಜ್ ಹಾಕ್ಕೊಂಡು ಬೇರೆ ಜಿಲ್ಲೆಗೆ ಹೋಗಿ ಮಾತ್ರೆ ತಗೊಳ್ಳೋದು ನೋಡಿದೀನಿ. ಬಾಟ್ಲಿ ಮೇಲಿನ ಹೆಸರು ಯಾರಾದ್ರೂ ಓದ್ತಾರೆ ಅಂತ ಮಾತ್ರೇನ ಬೇರೆ ಡಬ್ಬಿಗೆ ಸುರ್ಕೊಂಡು, ತೇವ ಹೀರೋ ಪುಡಿ ಪೊಟ್ಟಣನ ದಾರಿಲೇ ಬಿಸಾಕೋದೂ ಉಂಟು. ಮಲೆನಾಡಿನ ಮಳೆಗೆ ಆ ಪೊಟ್ಟಣ ಇರ್ಬೇಕು, ಡಬ್ಬಿ ಬದಲಿಸೋದಾದ್ರೆ ಅದನ್ನೂ ಅದ್ರೊಳಗೇ ಹಾಕಿ ಅಂತ ಹೇಳ್ಬೇಕಾಗಿರೋದು ಮನೆಗೆ ಹೋಗೋ ನಿಮ್ಮಂಥೋರೇ, ಡಾಕ್ಟ್ರಿಗೆ ಈ ಡಬ್ಬಿ ವಿಷಯ ಗೊತ್ತೇ ಇರಲ್ಲ.

ಗುಟ್ಟು ಹೊರಗೆ ಹೋಗೋದು ಎಲ್ಲಿಂದ ಅಂತ ನೋಡಿದ್ರೆ ಡಾಕ್ಟ್ರ ಬಾಯಿಂದ ಬಹಳ ಕಮ್ಮಿ. ಕೌಂಟರ್ ಮೇಲೆ ತೆರೆದು ಬಿಟ್ಟಿರೋ ರಿಜಿಸ್ಟರ್. ಬೇರೆ ಬಣ್ಣದ ಇಂಕಲ್ಲಿ ಗುರುತು ಹಾಕಿದ ಕೇಸ್ ಶೀಟು. ತಾಯಿ ಕಾರ್ಡಲ್ಲಿ ಯಾರಿಗೂ ಕಾಣೋ ಹಂಗೆ ಬರೆದಿರೋ ರಿಪೋರ್ಟು, ಆ ಕಾರ್ಡ್ ಮನೇಲಿ ಅತ್ತೆ ನಾದಿನಿ ಎಲ್ರ ಕೈಗೂ ಹೋಗತ್ತೆ. ಕಾರಿಡಾರ್ ಆ ತುದಿಯಿಂದ ‘ಎಆರ್‌ಟಿಗೆ ಬಂದೋರು ಯಾರ್ರೀ, ಈ ಕಡೆ ಬನ್ನಿ’ ಅಂತ ಕೂಗೋ ಅಟೆಂಡರ್. ಈಗಂತೂ ವಾಟ್ಸಾಪ್. ಹೆಸರು, ಊರು, ಫೋನ್ ನಂಬರ್ ಇರೋ ಎಕ್ಸೆಲ್ ಶೀಟನ್ನ ‘ಇವ್ರನ್ನ ಫಾಲೋಅಪ್ ಮಾಡಿ’ ಅಂತ ಗ್ರೂಪಿಗೆ ಹಾಕ್ಬಿಡ್ತಾರೆ, ಗ್ರೂಪಲ್ಲಿ ಇರೋ ಅರ್ಧ ಜನಕ್ಕೆ ಅದು ಬೇಕಾಗೇ ಇರಲ್ಲ, ಅವ್ರ ಮನೆ ಮಕ್ಕಳು ಅದೇ ಫೋನಲ್ಲಿ ಗೇಮ್ ಆಡ್ತಿರ್ತಾರೆ. ಇವ್ರೆಲ್ಲ ಕೆಟ್ಟೋರಲ್ಲ, ಯಾರೂ ಕೂರಿಸಿ ಹೇಳಿಲ್ಲ ಅಷ್ಟೇ. ಟ್ರೈನಿಂಗಿಗೆ ಕರೆಯೋದು ಡಾಕ್ಟ್ರು, ಸ್ಟಾಫ್ ನರ್ಸು, ಲ್ಯಾಬ್ ಟೆಕ್ನಿಷಿಯನ್‌ನ. ಗ್ರೂಪ್ ಡಿಯೋರು, ಆಂಬುಲೆನ್ಸ್ ಡ್ರೈವರ್ರು, ಡೇಟಾ ಎಂಟ್ರಿ ಹುಡುಗ್ರು, ಹಾಸ್ಟೆಲ್ ವಾರ್ಡನ್ನು ಇವ್ರನ್ನ ಯಾರೂ ಕರೆಯಲ್ಲ. ನನಗೆ ಇದು ತಲೆಕೆಳಗು ಅನ್ಸತ್ತೆ, ಕರೆದ ಕಡೆಯೆಲ್ಲ ಹೇಳ್ತೀನಿ, ಇನ್ನೂ ಯಾರೂ ಪಟ್ಟಿ ಬದಲಿಸಿಲ್ಲ.

ಕಾನೂನು ಸೆಷನ್ ಬೋರ್ ಹೊಡೆಯತ್ತೆ, ಆದ್ರೂ ಅಲ್ಲಿ ನಿದ್ದೆ ಮಾಡ್ಬೇಡಿ. ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2017ರದ್ದು, ಜಾರಿಗೆ ಬಂದಿದ್ದು 2018ರ ಸೆಪ್ಟೆಂಬರ್ 10ಕ್ಕೆ. ತಿಳಿಸಿ ಹೇಳಿ ಒಪ್ಪಿಗೆ ತಗೊಳ್ಳದೇ ಟೆಸ್ಟ್ ಮಾಡೋ ಹಂಗಿಲ್ಲ, ಟೆಸ್ಟ್ ಮಾಡ್ಸಿದ್ರೆ ಮಾತ್ರ ಕೆಲಸ ಕೊಡ್ತೀವಿ, ಸ್ಕೂಲಿಗೆ ಸೇರಿಸ್ಕೊಳ್ತೀವಿ, ಚಿಕಿತ್ಸೆ ಕೊಡ್ತೀವಿ ಅನ್ನೋ ಹಂಗಿಲ್ಲ. ಸೋಂಕಿತರ ಮಾಹಿತಿ ಇಟ್ಕೊಂಡಿರೋ ಎಲ್ಲಾ ಸಂಸ್ಥೆನೂ ಅದನ್ನ ಕಾಪಾಡ್ಬೇಕು, ನಿಮ್ಮ ಎನ್‌ಜಿಒ ಕೂಡ ಅದ್ರಲ್ಲಿ ಬಂತು, ಅಂದ್ರೆ ಬೀರುಗೆ ಬೀಗ, ಕಂಪ್ಯೂಟರಿಗೆ ಪಾಸ್‌ವರ್ಡು, ಯಾರು ನೋಡ್ಬಹುದು ಯಾರು ನೋಡ್ಬಾರ್ದು ಅನ್ನೋ ಲೆಕ್ಕ. ನೂರು ಜನ ಅಥವಾ ಅದಕ್ಕಿಂತ ಜಾಸ್ತಿ ಇರೋ ಸಂಸ್ಥೆಲಿ, ಆಸ್ಪತ್ರೆ ಆದ್ರೆ ಇಪ್ಪತ್ತು ಜನ ಇದ್ರೂ, ದೂರು ಕೇಳೋಕೆ ಒಬ್ಬ ಅಧಿಕಾರಿ ಇರ್ಬೇಕು. ನಿಮ್ಮ ಏರಿಯಾದ ಆಸ್ಪತ್ರೇಲಿ ಅದು ಯಾರು ಅಂತ ಕೇಳಿ ನೋಡಿ, ಒಬ್ರ ಮುಖ ಒಬ್ರು ನೋಡ್ಕೊಳ್ತಾರೆ.

ಗಂಡನಿಗೆ ಹೇಳ್ಬೇಕಾ ಹೆಂಡ್ತಿಗೆ ಹೇಳ್ಬೇಕಾ ಅನ್ನೋದು ಎಲ್ರಿಗೂ ಇರೋ ಡೌಟು. ಹೇಳೋ ಅಧಿಕಾರ ಇರೋದು ಡಾಕ್ಟ್ರಿಗೆ ಅಥವಾ ಕೌನ್ಸೆಲರಿಗೆ, ಅದೂ ಸೋಂಕಿತರಿಗೆ ‘ನೀವೇ ಹೇಳಿ’ ಅಂತ ಕೌನ್ಸೆಲಿಂಗ್ ಮಾಡಿ, ಅವ್ರು ಹೇಳಲ್ಲ, ಸಂಗಾತಿಗೆ ನಿಜವಾಗ್ಲೂ ಅಪಾಯ ಇದೆ ಅಂತ ಅನ್ಸಿದ್ರೆ, ಸೋಂಕಿತರಿಗೆ ಮುಂಚೆ ತಿಳಿಸಿ. ಹೆಣ್ಣುಮಗಳು ಸೋಂಕಿತೆ ಆಗಿದ್ದು, ಹೇಳಿದ್ರೆ ಹೊಡೀತಾರೆ, ಮನೆಯಿಂದ ಹೊರಗೆ ಹಾಕ್ತಾರೆ ಅನ್ನೋ ಭಯ ಇದ್ರೆ ಹೇಳೋ ಹಂಗಿಲ್ಲ. ಸೋಷಿಯಲ್ ವರ್ಕರ್ ಆಗಿ ನೀವು ಒಳ್ಳೇ ಮನಸ್ಸಿಂದ ಹೋಗಿ ಬಾಯಿ ಬಿಡೋದಂತೂ ಬೇಡವೇ ಬೇಡ.

ಎಸ್ಟೇಟ್ ಕಡೆ ಫೀಲ್ಡ್ ಹಾಕಿದ್ರೆ ಇದು ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಕಾಫಿ ಹಣ್ಣು ಕೊಯ್ಲಿನ ಟೈಮಲ್ಲಿ ಸಕಲೇಶಪುರ, ಮೂಡಿಗೆರೆ ಕಡೆ ಕೂಲಿಯೋರ ಲೈನ್ ಮನೆ ತುಂಬಾ ಅಸ್ಸಾಂ, ಜಾರ್ಖಂಡ್ ಕಡೆ ಜನ. ಕೂಲಿ ಆಳನ್ನ ಟೆಸ್ಟಿಗೆ ಕರ್ಕೊಂಡ್ ಬರೋದು ಎಸ್ಟೇಟ್ ರೈಟ್ರು, ಅಂದ್ರೆ ತೋಟದ ಲೆಕ್ಕ ಬರೆಯೋರು. ಅವ್ರೇ ಚೀಟಿ ಮಾಡ್ಸೋದು, ಅವ್ರೇ ಹಿಂದಿ ಮಾತಾಡೋದು, ಅವ್ರೇ ಕೌನ್ಸೆಲಿಂಗ್ ರೂಮೊಳಗೆ ಬಂದು ಕುರ್ಚಿ ಎಳ್ಕೊಂಡು ಕೂರೋದು, ‘ಏನು ಮೇಡಂ ರಿಪೋರ್ಟು, ನನ್ಹತ್ರ ಹೇಳಿ, ಸಾಹುಕಾರ್ರಿಗೆ ತಿಳಿಸ್ಬೇಕು’ ಅನ್ನೋದು. ಆ ಹುಡುಗ ಬಾಗಿಲ ಹತ್ರ ಚಪ್ಪಲಿ ಬಿಟ್ಟು ಗೋಡೆಗೆ ಒರಗಿ ನಿಂತಿರ್ತಾನೆ, ಏನಾಗ್ತಿದೆ ಅಂತಾನೇ ಗೊತ್ತಿಲ್ಲ ಪಾಪ. ನಾನು ಮಾಡ್ತಿದ್ದಿದ್ದು ಇಷ್ಟು, ‘ರೈಟ್ರೇ, ಒಂದು ಕಾಫಿ ಕುಡ್ಕೊಂಡ್ ಬನ್ನಿ, ನಮ್ದು ಇನ್ನೂ ಹೊತ್ತಾಗತ್ತೆ’ ಅಂತ ಎಬ್ಬಿಸಿ ಕಳಿಸಿ, ಬಾಗಿಲು ಹಾಕಿ, ನನ್ನ ಹರುಕು ಮುರುಕು ಹಿಂದಿಲಿ ಹುಡುಗನ ಹತ್ರಾನೇ ಮಾತಾಡೋದು. ಕಾನೂನಿನ ಸೆಕ್ಷನ್ ನಂಬರ್ ಹೇಳಿದ್ರೆ ಜಗಳ ಆಗೋದು, ಕಾಫಿ ಅಂದ್ರೆ ಎದ್ದು ಹೋಗೋರು. ಟ್ರೈನಿಂಗಲ್ಲಿ ರೋಲ್ ಪ್ಲೇ ಮಾಡ್ಸಿದಾಗ ನಾಚ್ಕೊಳ್ಳದೇ ಮಾಡಿ ಅಂತ ಹೇಳೋದು ಇದಕ್ಕೇ, ಇಂಥ ಮಾತು ಆ ಹೊತ್ತಿಗೆ ಬಾಯಿಗೆ ಬರ್ಬೇಕು ಅಂದ್ರೆ ಒಂದ್ಸಲ ಆಡಿ ನೋಡಿರ್ಬೇಕು. ಕಾಂಡೋಮ್ ಡೆಮೊನೂ ಹಂಗೇ. ಮರದ ಮಾಡೆಲ್ ಟೇಬಲ್ ಮೇಲೆ ಇಟ್ಟ ತಕ್ಷಣ ಹಿಂದಿನ ಸಾಲಲ್ಲಿ ಕಿಸಿಕಿಸಿ ಶುರು ಆಗತ್ತೆ, ಎಲ್ರಿಗೂ ಅರ್ಜೆಂಟ್ ಫೋನ್ ಬಂದ್ಬಿಡತ್ತೆ. ನೀವು ಮುಂದೆ ಹೋಗಿ ಮಾಡಿ, ಎಕ್ಸ್‌ಪೈರಿ ಡೇಟ್ ನೋಡೋದ್ರಿಂದ ಶುರು ಮಾಡಿ. ಬೆಂಗಳೂರು ಮಂಗಳೂರು ಹೈವೇಲಿ ಲಾರಿ ಡ್ರೈವರ್‌ಗಳ ಮುಂದೆ ಮಾಡ್ಬೇಕಾಗಿ ಬಂದಾಗ ಕೈ ನಡುಗಬಾರದು.

ಟೆಸ್ಟ್ ಬಗ್ಗೆ ಒಂದೇ ವಿಷಯ, ಆದ್ರೆ ಬಹಳ ಮುಖ್ಯ. ಪಿಎಚ್‌ಸಿಲಿ ಅಥವಾ ಕ್ಯಾಂಪಲ್ಲಿ ಬೆರಳು ಚುಚ್ಚಿ ಮಾಡೋದು ಸ್ಕ್ರೀನಿಂಗ್ ಮಾತ್ರ. ಅದು ರಿಯಾಕ್ಟಿವ್, ಅಂದ್ರೆ ಸೋಂಕು ಇರ್ಬಹುದು ಅಂತ, ಬಂದ್ರೆ ಪಾಸಿಟಿವ್ ಅಂತ ಹೇಳೋ ಹಂಗಿಲ್ಲ. ಐಸಿಟಿಸಿಲಿ ಮೂರು ಬೇರೆ ಬೇರೆ ಕಿಟ್‌ಲಿ ನೋಡಿ ಆಮೇಲೇ ಖಚಿತ. ಕ್ಯಾಂಪಲ್ಲಿ ನಿಮ್ಮ ಮುಖ ನೋಡೇ ಜನ ಫಲಿತಾಂಶ ಓದ್ಬಿಡ್ತಾರೆ, ‘ಇನ್ನೊಂದು ಟೆಸ್ಟ್ ಬೇಕು, ನಾನೂ ಜೊತೆಗೆ ಬರ್ತೀನಿ’ ಅಂತ ಸಹಜವಾಗಿ ಹೇಳೋಕೆ ಕಲೀರಿ, ಮತ್ತೆ ನಿಜವಾಗ್ಲೂ ಜೊತೆಗೆ ಹೋಗಿ.

ಸೂಜಿ ಚುಚ್ಕೊಂಡ್ರೆ ಏನ್ಮಾಡ್ಬೇಕು ಅನ್ನೋದನ್ನ ನರ್ಸ್‌ಗಳಿಗೆ ಹೇಳ್ತಾರೆ, ನೀವೂ ಕೇಳಿಸ್ಕೊಳ್ಳಿ. ಬೆರಳು ಬಾಯಿಗೆ ಇಟ್ಕೊಳ್ಳೋದು, ಹಿಂಡೋದು, ಸ್ಪಿರಿಟ್ ಸುರ್ಕೊಳ್ಳೋದು ಯಾವುದೂ ಬೇಡ, ಹರಿಯೋ ನೀರಲ್ಲಿ ಸೋಪ್ ಹಾಕಿ ತೊಳೀರಿ, ತಕ್ಷಣ ಇನ್‌ಚಾರ್ಜ್‌ಗೆ ಹೇಳಿ. ಪಿಇಪಿ, ಅಂದ್ರೆ ಸೋಂಕು ತಗುಲದಂಗೆ ತಡೆಯೋಕೆ ಕೊಡೋ ಮಾತ್ರೆ, ಎಷ್ಟು ಬೇಗ ಆದ್ರೆ ಅಷ್ಟು ಒಳ್ಳೇದು, ಎರಡು ಗಂಟೆ ಒಳಗೆ ಆದ್ರೆ ಬಹಳ ಒಳ್ಳೇದು, 72 ಗಂಟೆ ದಾಟಿದ್ರೆ ಪ್ರಯೋಜನ ಇಲ್ಲ. ಶುರು ಮಾಡಿದ್ರೆ 28 ದಿನ ಪೂರ್ತಿ ನುಂಗ್ಬೇಕು. ಭಯಕ್ಕೆ ಮದ್ದು ಬೇಕು ಅಂದ್ರೆ ಲೆಕ್ಕ ಇಲ್ಲಿದೆ: ಚಿಕಿತ್ಸೆ ತಗೊಳ್ದೇ ಇರೋ ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿ ಎಚ್‌ಐವಿ ಬರೋದು ಸುಮಾರು 1000ಕ್ಕೆ 3, ಹೆಪಟೈಟಿಸ್ ಬಿ ಇರೋರಿಗೆ ಬಳಸಿದ ಸೂಜಿ ಚುಚ್ಚಿ ಲಸಿಕೆ ಹಾಕಿಸ್ಕೊಳ್ದೇ ಇರೋರಿಗೆ ಅದು ಬರೋದು 100ಕ್ಕೆ 6ರಿಂದ 30. ಎಚ್‌ಐವಿ ವಾರ್ಡ್ ಅಂದ್ರೆ ಮೂರು ಗ್ಲೌಸ್ ಹಾಕ್ಕೊಳ್ಳೋರು ಹೆಪಟೈಟಿಸ್ ಬಿ ಲಸಿಕೆ ಹಾಕ್ಸಿರಲ್ಲ, ನಮ್ಮ ಕಥೆ ಹಿಂಗೆ. ಫೀಲ್ಡಿಗೆ ಹೋಗೋ ಮುಂಚೆ ಆ ಮೂರು ಡೋಸ್ ಹಾಕಿಸ್ಕೊಳ್ಳಿ.

ಗರ್ಭಿಣಿಯರ ವಿಷಯ ನಿಮ್ಮ ಕೆಲಸದಲ್ಲಿ ಖಂಡಿತ ಬರತ್ತೆ. ಏನೂ ಮಾಡ್ದೇ ಬಿಟ್ರೆ ಮಗುವಿಗೆ ಸೋಂಕು ಹೋಗೋ ಸಾಧ್ಯತೆ 100ಕ್ಕೆ 15ರಿಂದ 45, ತಾಯಿ ಮಾತ್ರೆ ನುಂಗಿ ಮಗುವಿಗೆ ಸಿರಪ್ ಕೊಟ್ರೆ 5ಕ್ಕಿಂತ ಕಮ್ಮಿ ಮಾಡ್ಬಹುದು. ಆರು ವಾರಕ್ಕೆ ಮಗುವಿನ ಹಿಮ್ಮಡಿಯಿಂದ ಒಂದಿಷ್ಟು ರಕ್ತದ ಹನಿ ಪೇಪರ್ ಮೇಲೆ ತಗೊಂಡು ಟೆಸ್ಟಿಗೆ ಕಳಿಸ್ತಾರೆ, ಕೊನೇ ಖಚಿತ ಟೆಸ್ಟ್ 18 ತಿಂಗಳಿಗೆ. ಮಧ್ಯದಲ್ಲಿ ಬಾಣಂತನಕ್ಕೆ ತವರಿಗೆ ಹೋದೋಳು ಅರಸೀಕೆರೆಲೋ ಕಡೂರಲ್ಲೋ ಕಳೆದೋಗ್ತಾಳೆ, ಅಲ್ಲಿ ಯಾವ ಆಶಾಗೂ ಅವಳ ವಿಷಯ ಗೊತ್ತಿರಲ್ಲ, ಗೊತ್ತಾಗ್ಬಾರ್ದು ಅಂತ ಅವಳಿಗೂ ಆಸೆ. ತವರು ಯಾವೂರು, ಯಾವಾಗ ಹೋಗ್ತೀಯಾ, ಯಾವ ನಂಬರಿಗೆ ಫೋನ್ ಮಾಡ್ಲಿ, ಬೇರೆ ಯಾರಾದ್ರೂ ಎತ್ತಿದ್ರೆ ನಾನು ಯಾರು ಅಂತ ಹೇಳ್ಲಿ, ಇಷ್ಟನ್ನೂ ಏಳನೇ ತಿಂಗಳೊಳಗೇ ಅವಳ ಹತ್ರಾನೇ ಕೇಳಿಟ್ಕೊಳ್ಳಿ. ಇದನ್ನ ಯಾವ ಪಿಪಿಟಿಲೂ ಹಾಕಲ್ಲ.

ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಸೋಂಕಿತ ಹೆಣ್ಣುಮಕ್ಕಳಿಗೆ ದುಡ್ಡಿನ ಸಹಾಯ ಮಾಡೋಕೇ ಇರೋದು, ಅದರ ಅರ್ಜಿ ಬಗ್ಗೆ ಟ್ರೈನಿಂಗಲ್ಲೇ ಕೇಳಿ, ಅರ್ಜಿ ಎಷ್ಟು ಟೇಬಲ್ ದಾಟತ್ತೆ, ಪ್ರತಿ ಟೇಬಲಲ್ಲೂ ಹೆಸರು ಯಾರ್ಯಾರು ನೋಡ್ತಾರೆ ಅನ್ನೋದನ್ನೂ ಕೇಳಿ, ಯಾಕಂದ್ರೆ ಅದಕ್ಕೇ ಹೆದರಿ ಎಷ್ಟೋ ಜನ ಆ ಸಹಾಯಾನೇ ಬೇಡ ಅಂತಾರೆ. ಅಪ್ಪ ಅಮ್ಮ ಇಬ್ರೂ ಇಲ್ದೇ ಇರೋ ಮನೆ ಸಿಕ್ಕಿದ್ರೆ ಕಾಯ್ದೆಲಿ ಒಂದು ಒಳ್ಳೇ ದಾರಿ ಇದೆ, 12 ದಾಟಿದ, ಮನೆ ಸಂಭಾಳಿಸೋ ತಿಳುವಳಿಕೆ ಇರೋ ಅಣ್ಣನೋ ಅಕ್ಕನೋ ತಮ್ಮ ತಂಗಿಯರ ಸ್ಕೂಲ್ ಅಡ್ಮಿಷನ್, ಚಿಕಿತ್ಸೆ, ಬ್ಯಾಂಕ್ ಖಾತೆ ಇಂಥದ್ದಕ್ಕೆ ಗಾರ್ಡಿಯನ್ ಆಗ್ಬಹುದು. ಬ್ಯಾಂಕಲ್ಲಿ ಒಪ್ಪಲ್ಲ, ಕಾಯ್ದೆ ಕಾಪಿ ತೋರಿಸ್ಬೇಕಾಗತ್ತೆ, ಟ್ರೈನಿಂಗಲ್ಲಿ ಕೊಡೋ ಫೈಲಲ್ಲಿ ಆ ಕಾಪಿ ಇದ್ಯಾ ನೋಡಿ, ಇಲ್ಲಾಂದ್ರೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದಲ್ಲಿ, ಡಾಪ್ಕು ಅಂತಾರೆ ಎಲ್ರೂ, ಅಲ್ಲಿ ಕೇಳಿ.

ಫೀಲ್ಡಲ್ಲಿ ಉತ್ತರ ಗೊತ್ತಾಗ್ದೇ ಇದ್ರೆ 1097ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ಹೆಸರು ಹೇಳ್ಬೇಕಾಗಿಲ್ಲ. ಜನಕ್ಕೂ ಅದೇ ನಂಬರ್ ಕೊಡಿ, ನಿಮ್ಮ ಸ್ವಂತ ನಂಬರ್ ಕೊಟ್ರೆ ರಾತ್ರಿ ಹನ್ನೊಂದಕ್ಕೂ ರಿಂಗ್ ಆಗತ್ತೆ, ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು, ನಾನಂತೂ ಕೊಟ್ಟಿದ್ದೆ. ಸರ್ಟಿಫಿಕೇಟ್ ಕೊಟ್ರೆ ಜೆರಾಕ್ಸ್ ಮಾಡ್ಸಿ ಇಟ್ಕೊಳ್ಳಿ, ನಿಮ್ಮ ಎನ್‌ಜಿಒಗೆ ಆಡಿಟ್ ಬಂದಾಗ ಕೇಳ್ತಾರೆ.