ವಾಚು ನೋಡಿದ ಕೂಡಲೇ ಎದೆ ಬಡಿತ ಏರುತ್ತದೆ!

ಪ್ರಶ್ನೆ: ಬೆಂಗಳೂರಿನಲ್ಲಿರುವ ಮಗ ದೀಪಾವಳಿಗೆ ಬಂದಾಗ ಅಪ್ಪನಿಗೆ ಸ್ಮಾರ್ಟ್‌ವಾಚ್ ಕೊಡಿಸಿದ. ಅವತ್ತಿನಿಂದ ನಮ್ಮ ಮನೆಯವರಿಗೆ ನೆಮ್ಮದಿಯೇ ಇಲ್ಲ. ವಯಸ್ಸು 54, ಬಿಪಿ, ಶುಗರ್ ಏನೂ ಇಲ್ಲ. ಮೆಟ್ಟಿಲು ಹತ್ತಿ ಬಂದು ವಾಚಿನಲ್ಲಿ ಎದೆ ಬಡಿತ 105 ಕಂಡರೆ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಮಲಗಿಬಿಡುತ್ತಾರೆ. ರಾತ್ರಿ 52 ಬಂದರೆ ಅದಕ್ಕೂ ಗಾಬರಿ. ಡಾಕ್ಟರಿಗೆ ತೋರಿಸಿ ಇಸಿಜಿ ಮಾಡಿಸಿದೆವು, ಎಲ್ಲ ಸರಿ ಇದೆ ಅಂದರು. ವಾಚು ತೆಗೆದಿಡಿಸಲಾ ಡಾಕ್ಟ್ರೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಅಕ್ಕ, ಪೂರ್ತಿ ತೆಗೆಸುವುದು ಬೇಡ, ರಾತ್ರಿ ಮಾತ್ರ ಬಿಚ್ಚಿಡಲಿ. ನಿದ್ದೆಯಲ್ಲಿ ಬಡಿತ 50ರ ಆಸುಪಾಸಿಗೆ ಇಳಿಯುವುದು ಎಷ್ಟೋ ಜನರಲ್ಲಿ ಮಾಮೂಲು. ಸುಮ್ನೆ ಕೂತಿದ್ದಾಗ ದೊಡ್ಡವರಿಗೆ ನಿಮಿಷಕ್ಕೆ 60ರಿಂದ 100 ಸರಿಯಾದ ಲೆಕ್ಕ. ಮೆಟ್ಟಿಲು ಹತ್ತಿದರೆ, ಖಡಕ್ ಚಹಾ ಕುಡಿದರೆ, ನಮ್ಮ ಮೇ ತಿಂಗಳ ಬಿಸಿಲಲ್ಲಿ ಗಂಜ್‌ಗೆ ಹೋಗಿ ಬಂದರೆ 100 ದಾಟುತ್ತದೆ, ದಾಟಬೇಕು ಕೂಡ.

ಅವರಿಗೆ ಆಗುತ್ತಿರುವುದು ಇಷ್ಟು. ಸಂಖ್ಯೆ ನೋಡಿ ಹೆದರುತ್ತಾರೆ, ಹೆದರಿಕೆಗೆ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಅದರಿಂದ ಬಡಿತ ಇನ್ನೂ ಜಾಸ್ತಿ ಆಗುತ್ತದೆ, ಮತ್ತೆ ನೋಡಿದರೆ 115 ಇರುತ್ತದೆ, ಆಗ ಹೆದರಿಕೆ ಗಟ್ಟಿಯಾಗುತ್ತದೆ. ಅವರು ನಾಟಕ ಮಾಡುತ್ತಿಲ್ಲ, ದಯವಿಟ್ಟು ಬೈಯಬೇಡಿ.

ವಾಚು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ವಾಪಸ್ ಬಂದ ಬೆಳಕಿನಿಂದ ಬಡಿತ ಅಂದಾಜು ಮಾಡುತ್ತದೆ. ಪಟ್ಟಿ ಸಡಿಲ ಇದ್ದರೆ, ಕೈ ಅಲುಗಾಡುತ್ತಿದ್ದರೆ ಲೆಕ್ಕ ತಪ್ಪುತ್ತದೆ. 2019ರಲ್ಲಿ ಪ್ರಕಟವಾದ ಆಪಲ್ ವಾಚ್ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಬಡಿತದ ಲಯ ತಪ್ಪಿದೆ ಅಂತ ಎಚ್ಚರಿಕೆ ಬಂದಿದ್ದು ಸಾವಿರಕ್ಕೆ ಸುಮಾರು ಐದು ಜನರಿಗೆ ಮಾತ್ರ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪ್ಯಾಚ್ ಹಚ್ಚಿ ನೋಡಿದವರ ಪೈಕಿ ನೂರಕ್ಕೆ 34 ಜನರಲ್ಲಿ ಏಟ್ರಿಯಲ್ ಫಿಬ್ರಿಲೇಶನ್, ಅಂದರೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬಡಿಯುವ ತೊಂದರೆ, ಸಿಕ್ಕಿತು. ಹಾಗಾಗಿ ನಿಮ್ಮ ವಾಚಿನಲ್ಲಿ ಆ ಎಚ್ಚರಿಕೆ ಇದ್ದರೆ ಇರಲಿ, ಬಂದರೆ ಡಾಕ್ಟರಿಗೆ ತೋರಿಸಿ. ಸ್ಟ್ರೆಸ್ ಸ್ಕೋರು, ಸ್ಲೀಪ್ ಸ್ಕೋರು ಎಲ್ಲ ಆಫ್ ಮಾಡಿಸಿ. ಬಡಿತದ ಸಂಖ್ಯೆ ಮೇಲಿನ ಸ್ಕ್ರೀನ್‌ನಲ್ಲಿ ಕಾಣದ ಹಾಗೆ ಮಗನಿಂದ ಸೆಟ್ ಮಾಡಿಸಿ. ಸಂಜೆ ಅಪ್ಪನ ಕೆರೆ ಕಡೆ ಇಬ್ಬರೂ ನಡೆದು ಬನ್ನಿ, ಆಗಲೂ ವಾಚು ಮನೆಯಲ್ಲೇ ಇರಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ನೆನಪಿಡಿ. ಎದೆ ಹಿಂಡಿದ ಹಾಗೆ ನೋವು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು ಆದರೆ ವಾಚು ಏನೇ ಹೇಳಲಿ, ತಕ್ಷಣ 108ಕ್ಕೆ ಫೋನ್ ಮಾಡಿ. ವಾಚಿಗೆ ಹಾರ್ಟ್ ಅಟ್ಯಾಕ್ ಹಿಡಿಯಲು ಬರುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಗಾಬರಿ ಇಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರಿಂದಲೇ ಫೋನ್ ಮಾಡಿಸಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.