ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದರೆ ಬಾಂಡ್ ಬೆಲೆ ಇಳಿಯುವುದೇಕೆ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಷೇರಿನ ಗೊಡವೆ ಬೇಡವೆಂದು ನಿವೃತ್ತಿಯ ಹಣದ ಒಂದು ಭಾಗವನ್ನು ಸರ್ಕಾರಿ ಬಾಂಡ್‌ಗಳಲ್ಲಿ ಮಾತ್ರ ತೊಡಗಿಸುವ ಮ್ಯೂಚುವಲ್ ಫಂಡ್‌ನಲ್ಲಿ ಇಟ್ಟಿದ್ದೆ. 2022ರ ಮೇ ತಿಂಗಳಲ್ಲಿ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಿದಾಗ ಅದರ ಮೌಲ್ಯ ಕುಸಿಯಿತು. ಬಡ್ಡಿ ಏರಿದರೆ ನನಗೆ ಲಾಭವಾಗಬೇಕಿತ್ತಲ್ಲವೇ? ಮಾರುಕಟ್ಟೆಯನ್ನು ನೋಡಿಕೊಳ್ಳುವುದು ಸೆಬಿ ಅಲ್ಲವೇ? ರಿಸರ್ವ್ ಬ್ಯಾಂಕಿಗೆ ಅಲ್ಲೇನು ಕೆಲಸ?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ನಿಮ್ಮ ಹಣದ ವಿಚಾರ. ವರ್ಷಕ್ಕೆ ಶೇ 7 ಬಡ್ಡಿ ಕೊಡುವ, 10 ವರ್ಷ ಅವಧಿಯ 100 ರೂಪಾಯಿಯ ಬಾಂಡ್ ನಿಮ್ಮ ಫಂಡ್‌ನಲ್ಲಿದೆ ಎಂದುಕೊಳ್ಳಿ. ಮಾರುಕಟ್ಟೆಯಲ್ಲಿ ಬಡ್ಡಿ ಶೇ 8ಕ್ಕೆ ಏರಿದರೆ, ಹೊಸ ಬಾಂಡ್ 8 ರೂಪಾಯಿ ಕೊಡುವಾಗ ನಿಮ್ಮ ಹಳೆಯ ಬಾಂಡನ್ನು ಯಾರೂ 100 ರೂಪಾಯಿಗೆ ಕೊಳ್ಳುವುದಿಲ್ಲ. ಸುಮಾರು 93 ರೂಪಾಯಿಗೆ ಇಳಿಸಿದರೆ ಮಾತ್ರ ಎರಡೂ ಸಮನಾಗುತ್ತವೆ. ಬಡ್ಡಿ ಇಳಿದರೆ ಇದೇ ಲೆಕ್ಕ ತಿರುಗಿ ಬಾಂಡ್ ಬೆಲೆ ಏರುತ್ತದೆ. 2022ರ ಮೇ 4ರಂದು ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ ಸಮಿತಿಯು ನಿಗದಿತ ಸಭೆಗೆ ಕಾಯದೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ 4ರಿಂದ ಶೇ 4.40ಕ್ಕೆ ಏರಿಸಿತು. ಅನಿರೀಕ್ಷಿತವಾಗಿದ್ದುದರಿಂದಲೇ ಪೆಟ್ಟು ಜೋರಾಗಿತ್ತು: ಅಂದು ಬಾಂಡ್ ಬೆಲೆಗಳು ಕುಸಿದದ್ದಲ್ಲದೆ ಸೆನ್ಸೆಕ್ಸ್ ಕೂಡ 1,300ಕ್ಕೂ ಹೆಚ್ಚು ಅಂಶ ಇಳಿಯಿತು. ಸರ್ಕಾರ ಅಸಲು, ಬಡ್ಡಿ ಕೊಡದೇ ಹೋಗುವ ಭಯ ನಿಮ್ಮ ಫಂಡ್‌ಗೆ ಇರಲಿಲ್ಲ. ಇದ್ದದ್ದು ಬೆಲೆಯ ಏರಿಳಿತದ ಅಪಾಯ. ಮಾರುವವರು ಇದನ್ನು ಬಿಡಿಸಿ ಹೇಳದಿರುವುದು ಹಿರಿಯರಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಈಗ ಎರಡನೆಯ ಭಾಗ. ಷೇರುಪೇಟೆ, ಮ್ಯೂಚುವಲ್ ಫಂಡ್, ಕಂಪನಿಗಳ ಸಾಲಪತ್ರ ಇವು ಸೆಬಿಯ ಸುಪರ್ದಿಯಲ್ಲಿವೆ. 1988ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಶಾಸನದ ಬಲ ಬಂದದ್ದು 1992ರಲ್ಲಿ. ಆದರೆ ಸರ್ಕಾರಿ ಬಾಂಡ್‌ಗಳ ಪೇಟೆ ರಿಸರ್ವ್ ಬ್ಯಾಂಕಿನದು. ಕೇಂದ್ರ ಸರ್ಕಾರದ ಸಾಲವನ್ನೂ ಕರ್ನಾಟಕವೂ ಸೇರಿದಂತೆ ರಾಜ್ಯಗಳ ಸಾಲವನ್ನೂ ಹರಾಜಿನ ಮೂಲಕ ಎತ್ತಿಕೊಡುವುದು ಅದೇ. ಯಾರ ಬಳಿ ಎಷ್ಟು ಬಾಂಡ್ ಇದೆಯೆಂಬ ಖಾತೆ ಇಡುವುದೂ, ವಹಿವಾಟಿನ ನಿಯಮ ರೂಪಿಸುವುದೂ ಅದೇ. ಬ್ಯಾಂಕುಗಳಲ್ಲಿ ನಗದು ಹೆಚ್ಚಿಸಬೇಕಾದಾಗ ಬಾಂಡ್ ಕೊಂಡು, ಹೆಚ್ಚಾದಾಗ ಮಾರಿ, ಸ್ವತಃ ಪೇಟೆಗೆ ಇಳಿಯುವುದೂ ಅದೇ. ಟಿವಿ ಪರದೆಯಲ್ಲಿ ಓಡುವ ಸೆನ್ಸೆಕ್ಸ್‌ಗಿಂತ ಈ ಸದ್ದಿಲ್ಲದ ಪೇಟೆಯಲ್ಲೇ ಕೇಂದ್ರೀಯ ಬ್ಯಾಂಕಿನ ಕೈ ನೇರವಾಗಿ ಆಡುತ್ತದೆ.

ಆ ಖಾತೆಯನ್ನು ಕೈಬರಹದಲ್ಲಿ ಇಡುತ್ತಿದ್ದ ಕಾಲದ ಬೆಲೆಯನ್ನು ದೇಶ 1992ರಲ್ಲಿ ತೆತ್ತಿತು. ಬ್ಯಾಂಕುಗಳು ಬಾಂಡ್‌ಗಳನ್ನೇ ಕೈಬದಲಾಯಿಸದೆ, ‘ಬಾಂಡ್ ನಮ್ಮಲ್ಲಿದೆ’ ಎನ್ನುವ ರಸೀದಿಗಳ ಮೇಲೆ ವ್ಯವಹರಿಸುತ್ತಿದ್ದವು. ಬಾಂಡ್ ಇಲ್ಲದೆಯೂ ರಸೀದಿಗಳು ಹುಟ್ಟಿಕೊಂಡವು. ಷೇರು ದಲ್ಲಾಳಿ ಹರ್ಷದ್ ಮೆಹ್ತಾ ಪ್ರಕರಣದಲ್ಲಿ ಹೀಗೆ ಬಂದ ಬ್ಯಾಂಕುಗಳ ಹಣ ಷೇರುಪೇಟೆಗೆ ಹರಿದು ಬೆಲೆಗಳನ್ನು ಉಬ್ಬಿಸಿತು. ಎರಡು ಪೇಟೆಗಳ ನಡುವಿನ ಗೋಡೆ ಎಷ್ಟು ತೆಳುವೆಂಬುದು ಅಂದು ಬಯಲಾಯಿತು. 2002ರಲ್ಲಿ ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ ಕೆಲಸ ಆರಂಭಿಸಿದ ಮೇಲೆ, ಬಾಂಡ್ ಮತ್ತು ಹಣ ಒಟ್ಟಿಗೇ ಕೈಬದಲಾಗುವುದಕ್ಕೆ ನಡುವೆ ನಿಂತು ಹೊಣೆ ಹೊರುವ ಸಂಸ್ಥೆಯೊಂದು ದೊರೆಯಿತು.

ಒಂದು ಇಕ್ಕಟ್ಟು ಮಾತ್ರ ಉಳಿದಿದೆ. ಸಾಲ ಎತ್ತುವವರಿಗೆ ಬಡ್ಡಿ ಅಗ್ಗವಾಗಿರಬೇಕು. ಹಣದುಬ್ಬರ ತಡೆಯುವವರಿಗೆ ಕೆಲವೊಮ್ಮೆ ಬಡ್ಡಿ ದುಬಾರಿಯಾಗಬೇಕು. ಈ ಎರಡೂ ಹೊಣೆಗಳು ಒಂದೇ ಸಂಸ್ಥೆಯ ಹೆಗಲ ಮೇಲಿವೆ. ಕೊರತೆ ಬಿದ್ದಾಗಲೆಲ್ಲ ತಾತ್ಕಾಲಿಕ ಖಜಾನೆ ಪತ್ರ ಕೊಟ್ಟು ರಿಸರ್ವ್ ಬ್ಯಾಂಕಿನಿಂದ ಹಣ ಪಡೆಯುವ ಸರ್ಕಾರದ ಪದ್ಧತಿ 1997ರಲ್ಲಿ ನಿಂತಿತು; 2006ರ ಏಪ್ರಿಲ್‌ನಿಂದ, ಅಪವಾದದ ಸಂದರ್ಭಗಳನ್ನು ಬಿಟ್ಟರೆ, ಸರ್ಕಾರದ ಹೊಸ ಬಾಂಡ್‌ಗಳನ್ನು ಅದು ಹರಾಜಿನಲ್ಲೇ ಕೊಳ್ಳುವಂತಿಲ್ಲ. ಸಾಲ ನಿರ್ವಹಣೆಗೆ ಪ್ರತ್ಯೇಕ ಸಂಸ್ಥೆ ಕಟ್ಟುವ ಪ್ರಸ್ತಾವವನ್ನು 2015ರ ಬಜೆಟ್ ಮುಂದಿಟ್ಟಿತಾದರೂ ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ಆ ಚರ್ಚೆ ಮತ್ತೆ ನಡೆಯಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಪೇಟೆ ಕುಸಿದಾಗ ರಿಸರ್ವ್ ಬ್ಯಾಂಕೇ ಷೇರು ಕೊಂಡು ನಮ್ಮಂಥ ಸಣ್ಣ ಹೂಡಿಕೆದಾರರನ್ನು ಏಕೆ ಕಾಪಾಡಬಾರದು? ಜಪಾನಿನಲ್ಲಿ ಹಾಗೆ ಮಾಡಿದ್ದಾರಂತೆ.
– ಓದುಗರು, ಹುಬ್ಬಳ್ಳಿ

ಉತ್ತರ: ಬ್ಯಾಂಕ್ ಆಫ್ ಜಪಾನ್ 2010ರಿಂದ ಷೇರು ಸೂಚ್ಯಂಕದ ಫಂಡ್‌ಗಳನ್ನು ಕೊಂಡದ್ದು ನಿಜ, 2024ರ ಮಾರ್ಚ್‌ನಲ್ಲಿ ಹೊಸ ಖರೀದಿಯನ್ನು ಕೈಬಿಟ್ಟಿತು. ದಶಕಗಳ ಕಾಲ ಬೆಲೆಗಳೇ ಏರದ ದೇಶದ ಚಿಕಿತ್ಸೆ ಅದು. ನಮ್ಮ ಕಾಯ್ದೆ ರಿಸರ್ವ್ ಬ್ಯಾಂಕಿಗೆ ಒಪ್ಪಿಸಿರುವ ಗುರಿ ಬೇರೆ: ಹಣದುಬ್ಬರವನ್ನು ಶೇ 4ರ ಆಸುಪಾಸಿನಲ್ಲಿ, ಶೇ 2ರಿಂದ ಶೇ 6ರ ಮಿತಿಯೊಳಗೆ, ಇರಿಸುವುದು. ಷೇರಿನ ಬೆಲೆ ಇಷ್ಟೇ ಇರಬೇಕೆಂದು ಹೇಳುವ ಹೊಣೆಯನ್ನು ಯಾರೂ ಅದಕ್ಕೆ ವಹಿಸಿಲ್ಲ, ವಹಿಸಲೂಬಾರದು; ಏಕೆಂದರೆ ಇಳಿಕೆಯ ನಷ್ಟವನ್ನು ಸಾರ್ವಜನಿಕ ಹಣ ಹೊರುತ್ತದೆಂದು ಖಾತ್ರಿಯಾದರೆ ಏರಿಕೆಯ ಕಾಲದಲ್ಲಿ ಯಾರಿಗೂ ಎಚ್ಚರ ಉಳಿಯುವುದಿಲ್ಲ.

ಹಾಗೆಂದು ಅದು ಕೈಕಟ್ಟಿ ಕೂರುವುದೂ ಇಲ್ಲ. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ತನ್ನ ಆರು ಸಾಲ ನಿಧಿಗಳನ್ನು ಮುಚ್ಚುವುದಾಗಿ ಪ್ರಕಟಿಸಿತು. ಗಾಬರಿಯಾದ ಹೂಡಿಕೆದಾರರು ಬೇರೆ ಫಂಡ್‌ಗಳಿಂದಲೂ ಹಣ ಕೇಳತೊಡಗಿದರೆ, ಆ ಫಂಡ್‌ಗಳು ಒಳ್ಳೆಯ ಸಾಲಪತ್ರಗಳನ್ನೂ ಸಿಕ್ಕ ಬೆಲೆಗೆ ಮಾರಬೇಕಾಗುತ್ತಿತ್ತು. ನಾಲ್ಕು ದಿನಗಳಲ್ಲಿ, ಏಪ್ರಿಲ್ 27ರಂದು, ರಿಸರ್ವ್ ಬ್ಯಾಂಕ್ 50,000 ಕೋಟಿ ರೂಪಾಯಿಯ ವಿಶೇಷ ಸೌಲಭ್ಯವನ್ನು ತೆರೆಯಿತು. ಸೆಬಿಯ ಮಕ್ಕಳಾದ ಫಂಡ್‌ಗಳಿಗೆ ಅದು ನೇರವಾಗಿ ಹಣ ಕೊಡಲಿಲ್ಲ. ಬ್ಯಾಂಕುಗಳಿಗೆ ರೆಪೊ ದರದಲ್ಲಿ 90 ದಿನಗಳ ಸಾಲ ಕೊಟ್ಟು, ಅವು ಫಂಡ್‌ಗಳಿಗೆ ಸಾಲ ಕೊಡುವಂತೆ ಅಥವಾ ಅವುಗಳಲ್ಲಿದ್ದ ಸಾಲಪತ್ರ ಕೊಳ್ಳುವಂತೆ ಮಾಡಿತು. ಆ ಮೊತ್ತದಲ್ಲಿ ಬಳಕೆಯಾದದ್ದು ಅಲ್ಪ ಭಾಗ ಮಾತ್ರ. ಹಣ ಇದೆ ಎಂಬ ಭರವಸೆಯೇ ಬಹುಪಾಲು ಕೆಲಸ ಮಾಡಿತು. ಬೆಲೆ ಎಲ್ಲಿ ನಿಲ್ಲಬೇಕೆಂದು ಹೇಳದೆ, ಕೊಳ್ಳುವವರೇ ಇಲ್ಲದ ಸ್ಥಿತಿ ಬಾರದಂತೆ ನೋಡಿಕೊಂಡ ಈ ಕ್ರಮ ಸರಿಯಾಗಿತ್ತೆಂದು ನಾನು ನಂಬಿದ್ದೇನೆ.

ಪ್ರಶ್ನೆ: ಫಂಡ್‌ನ ನೆರವಿಲ್ಲದೆ ಸರ್ಕಾರಿ ಬಾಂಡ್ ನಾವೇ ಕೊಳ್ಳಬಹುದೇ?
– ಓದುಗರು, ಹಾಸನ

ಉತ್ತರ: ಕೊಳ್ಳಬಹುದು. 2021ರ ನವೆಂಬರ್ 12ರಂದು ಆರಂಭವಾದ ರಿಟೇಲ್ ಡೈರೆಕ್ಟ್ ಯೋಜನೆಯಲ್ಲಿ ರಿಸರ್ವ್ ಬ್ಯಾಂಕಿನಲ್ಲೇ ಶುಲ್ಕವಿಲ್ಲದೆ ಖಾತೆ ತೆರೆದು, ಕನಿಷ್ಠ 10,000 ರೂಪಾಯಿಯಿಂದ ಹರಾಜಿನಲ್ಲಿ ಭಾಗವಹಿಸಬಹುದು. ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ಮುಖಬೆಲೆ ಪೂರ್ತಿ ಕೈಸೇರುತ್ತದೆ. ನಡುವೆ ಮಾರಬೇಕಾಗಿ ಬಂದರೆ ಮಾತ್ರ, ಶಿವಮೊಗ್ಗದ ಓದುಗರಿಗೆ ಹೇಳಿದ 93 ರೂಪಾಯಿಯ ಲೆಕ್ಕ ನಿಮಗೂ ಅನ್ವಯಿಸುತ್ತದೆ.